ಬಿಚ್ಚಿದ ಕೈಯೇ ಕಟ್ಟಿದ ಗಂಟು

ದೇವನಹಳ್ಳಿ ಕಡೆ ಕಾರ್ತಿಕದ ಮಂಜು ಅಷ್ಟು ಬೇಗ ಎದ್ದುಹೋಗುವುದಿಲ್ಲ. ಈ ಸೋಮವಾರವಂತೂ ಬಸ್ಸಿನ ದೀಪ ಹತ್ತು ಮಾರು ದೂರಕ್ಕೂ ಕಾಣುತ್ತಿಲ್ಲ. ಆವತಿಯಿಂದ ಬಂದ ಮೊದಲ ಬಸ್ಸಿನಿಂದ ನರಸಮ್ಮ ಇಳಿಯುತ್ತಾರೆ. ತಲೆಗೆ ಸ್ನಾನ ಮಾಡಿದ್ದಾರೆ, ಕೂದಲಿನ್ನೂ ಒದ್ದೆ. ಊರಾಚೆಯ ಮಾನಸಿಕ ರೋಗಿಗಳ ಆರೈಕೆಮನೆಗೆ ನಡೆದು, ಬಿಳಿ ಕೋಟು ತೊಟ್ಟು, ಹೆಂಗಸರ ವಾರ್ಡಿನ ಬಾಗಿಲಲ್ಲಿ ನಿಲ್ಲುತ್ತಾರೆ.

"ಬರ್ಲೇನವ್ವಾ ಒಳಗೆ?"

ಕೇಳಿಯೇ ಒಳಗೆ ಕಾಲಿಡಬೇಕು. ಇಲ್ಲಿ ಅವರು ಕಲಿತ ಮೊದಲ ಪಾಠ ಅದು.

ಮೂವತ್ತಾರರ ನರಸಮ್ಮನದು ಸಹಾಯಕಿಯ ಆರು ತಿಂಗಳ ತರಬೇತಿ. ಪರೀಕ್ಷೆಗೆ ಇನ್ನು ಹದಿನೈದೇ ದಿನ. ವಾರ್ಡಿನಲ್ಲಿ ಇಪ್ಪತ್ತೆರಡು ಜನ. ಬೆಳಗಾದರೆ ಎಂಟು ಜನಕ್ಕೆ ಸ್ನಾನ ಮಾಡಿಸಬೇಕು, ಮೂವರಿಗೆ ತುತ್ತಿಡಬೇಕು. ಮಾತ್ರೆ ನುಂಗಿದರೋ, ನಾಲಿಗೆಯಡಿ ಇಟ್ಟುಕೊಂಡರೋ ಎಂದು ಪ್ರತಿಯೊಬ್ಬರ ಬಾಯಿ ನೋಡಬೇಕು.

ಗಂಡ ತೀರಿಕೊಂಡ ಮೇಲೆ ಹತ್ತು ವರ್ಷ ಅವರು ಯಾರದೋ ಸಾಕುಮನೆಯಲ್ಲಿ ರೇಷ್ಮೆಹುಳು ಸಾಕಿದವರು. ತೊಂಬತ್ತಮೂರನೇ ಇಸವಿಯಲ್ಲಿ ಆ ಮನೆ ಮುಚ್ಚಿತು. ಏಳನೇ ತರಗತಿ ಓದಿದ್ದರೆ ಸಾಕು ಎಂಬ ಈ ತರಬೇತಿಗೆ ಹೊರಟಾಗ ಅಣ್ಣ ಮುನಿಶಾಮಪ್ಪ ನಕ್ಕರಂತೆ.

"'ಹುಚ್ಚರ ಜೊತೆ ಇದ್ರೆ ನೀನೂ ಹುಚ್ಚಿ ಆಗ್ತೀಯ ಕಣಮ್ಮಿ' ಅಂದ. ಹತ್ತು ವರ್ಷ ಹುಳ ಸಾಕಿದ್ನಲ್ಲ, ಹುಳ ಆದ್ನಾ ಅಂತ ಕೇಳ್ದೆ."

ಹುಳುವಿನಿಂದ ಕಲಿತದ್ದು ಇಲ್ಲಿ ಕೈಹಿಡಿದಿದೆ. "ಹುಳ ಜ್ವರಕ್ಕೆ ಕೂತಾಗ, ಪೊರೆ ಬಿಡೋ ಹೊತ್ನಲ್ಲಿ, ಸೊಪ್ಪು ಹಾಕಂಗಿಲ್ಲ, ಮುಟ್ಟಂಗಿಲ್ಲ. ಸುಮ್ನೆ ಕಾಯ್ಬೇಕು. ಇಲ್ಲೂ ಕೆಲವ್ರು ಹಂಗೇ ಕೂತಿರ್ತಾರೆ."

ಆದರೆ ಕಳೆದ ಶುಕ್ರವಾರ ಆ ಕಾಯುವ ಗುಣವೇ ಕೈಕೊಟ್ಟಿತು.

ಸೋಂಪುರದ ಕಡೆಯ ಆದಿಲಕ್ಷ್ಮಮ್ಮ ವಾರದ ಕೆಳಗೆ ದಾಖಲಾದವರು. ಅವರು ಸ್ನಾನಕ್ಕೆ ಹೋಗಿದ್ದಾಗ, ಬಿಟ್ಟಿದ್ದ ಸೀರೆಯ ಸೆರಗಿನಲ್ಲಿ ಹಳದಿ ಬಟ್ಟೆಯ ಗಂಟೊಂದು ನರಸಮ್ಮನ ಕೈಗೆ ತಗುಲಿತು. ಪಿನ್ನು, ಬ್ಲೇಡು ಏನೂ ರೋಗಿಯ ಬಳಿ ಇರಕೂಡದೆಂಬುದು ನಿಯಮ. ನರಸಮ್ಮ ಬಿಚ್ಚಿಬಿಟ್ಟರು. ಒಳಗಿದ್ದದ್ದು ಒಂದು ಅರಿಶಿನದ ಕೊಂಬು, ಒಂದು ಚಿಟಿಕೆ ಅಕ್ಷತೆ. ತಲೆ ನೆಟ್ಟಗಾದರೆ ಶಿವಗಂಗೆ ಬೆಟ್ಟ ಹತ್ತಿ ಒಪ್ಪಿಸುತ್ತೇನೆಂದು ಆ ತಾಯಿ ಕಟ್ಟಿಕೊಂಡಿದ್ದ ಮುಡಿಪು. ಅದನ್ನು ಬಿಚ್ಚುವುದು ದೇವರ ಮುಂದೆಯೇ. ನಡುವೆ ಬಿಚ್ಚಿದರೆ ಹರಕೆ ಮುರಿದಂತೆ, ಇನ್ನು ವಾಸಿಯಾಗುವುದಿಲ್ಲವೆಂದೇ ಅವರ ನಂಬಿಕೆ. ಅಂದಿನಿಂದ ಅವರು ಗೋಡೆ ಕಡೆ ಮುಖ ಮಾಡಿ ಕೂತರು. ಆಗಾಗ ನಾಲ್ಕು ಗುಟುಕು ನೀರು ಬಿಟ್ಟರೆ ಬೇರೇನೂ ಒಳಗೆ ಹೋಗಿಲ್ಲ. ಇವತ್ತು ಮಧ್ಯಾಹ್ನದೊಳಗೆ ಉಣ್ಣದಿದ್ದರೆ ಮೂಗಿಗೆ ನಳಿಕೆ ಹಾಕಬೇಕೆಂದು ಡಾಕ್ಟರು ಹೇಳಿದ್ದಾರೆ.

ಬಿಚ್ಚಿದ್ದನ್ನು ಯಾರೂ ನೋಡಿರಲಿಲ್ಲ. ನರಸಮ್ಮನೇ ಹೋಗಿ ಆದಿಲಕ್ಷ್ಮಮ್ಮನಿಗೂ, ಪಾಠ ಹೇಳುವ ಸಿಸ್ಟರ್ ಶಾಮಲಾ ಅವರಿಗೂ ಹೇಳಿಕೊಂಡರು. "ಮುಡಿಪು ಅಂತ ಮುಟ್ಟಿದ ತಕ್ಷಣ ಗೊತ್ತಾಯ್ತು. ಗೊತ್ತಿದ್ದೂ ಬಿಚ್ಚಿದೆ. ಪಾಠದಲ್ಲಿ ಹೇಳಿದಂಗೇ ಮಾಡ್ಬೇಕು ಅನ್ನೋ ಆತ್ರ."

ಸಿಸ್ಟರ್ ಬೈಯಲಿಲ್ಲ. "ನೋಡ್ಬೇಕಾಗಿದ್ದು ನಿಜ ನರಸಮ್ಮ. ಅವರನ್ನ ಕೇಳಿ, ಅವರ ಕೈಲೇ ಬಿಚ್ಚಿಸ್ಬೇಕಿತ್ತು. ಬಾಗಿಲಲ್ಲಿ ಕೇಳಿ ಒಳಗೆ ಹೋಗ್ತೀಯಲ್ಲ, ಇದೂ ಒಂದು ಬಾಗಿಲೇ."

ನಿನ್ನೆ ಭಾನುವಾರವೆಲ್ಲ ನರಸಮ್ಮ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದರು. ಮುಟ್ಟಲಿಲ್ಲ, ಉಣ್ಣೆಂದು ಪೀಡಿಸಲಿಲ್ಲ. ಸಂಜೆಗೆ ಗೋಡೆಯ ಕಡೆಯಿಂದಲೇ ಮಾತು ಬಂತು.

"ಬಿಚ್ಚಿದ ಕೈಯೇ ಕಟ್ಬೇಕು. ನಾಳೆ ಸೋಮ್ವಾರ. ಮಡೀಲಿ, ಬರೀ ಹೊಟ್ಟೇಲಿ. ಆಮೇಲೇ ನಂಗೆ ತುತ್ತು."

ಸಿಸ್ಟರ್ ಒಪ್ಪಿಗೆ ಕೊಟ್ಟಿದ್ದಾರೆ. ಪರೀಕ್ಷೆ ಪಾಸಾದರೆ ಏನಾಸೆ ಎಂದು ಕೇಳಿದರೆ ನರಸಮ್ಮ ಹೇಳುತ್ತಾರೆ: "ಇದೇ ವಾರ್ಡಲ್ಲಿ ಇಟ್ಕೊಂಡ್ರೆ ಸಾಕು. ಆದ್ರೆ ಇವ್ರು ಬೆಟ್ಟ ಹತ್ತೋದು ಮೊದ್ಲು, ಪಾಸಾಗೋದು ಆಮೇಲೆ."

ವಾರ್ಡಿನ ರೇಡಿಯೊದಲ್ಲಿ ಪ್ರದೇಶ ಸಮಾಚಾರ ಮುಗಿಯುತ್ತದೆ. ನರಸಮ್ಮ ಶುಕ್ರವಾರ ಎತ್ತಿಟ್ಟಿದ್ದ ಕಾಗದದ ಪೊಟ್ಟಣದಿಂದ ಕೊಂಬು, ಅಕ್ಷತೆ ತೆಗೆದು, ಒಂದು ಕಾಳೂ ಬೀಳದಂತೆ ಹಳದಿ ಬಟ್ಟೆಗೆ ಹಾಕಿ ಗಂಟು ಬಿಗಿಯುತ್ತಾರೆ. ಆದಿಲಕ್ಷ್ಮಮ್ಮ ಗೋಡೆ ಬಿಟ್ಟು ಈಚೆ ತಿರುಗಿದ್ದಾರೆ.

"ತಲೆಗೆ ನೀರು ಹಾಕ್ಕೊಂಡ್ಯಾ?"

"ಹಾಕ್ಕೊಂಡೆ ಕಣಮ್ಮ."

"ಬಾಯಿಗೇನಾದ್ರೂ ಹಾಕ್ದ್ಯಾ?"

"ಕಾಫೀನೂ ಇಲ್ಲ."

ಪಕ್ಕದಲ್ಲಿ ರಾಗಿ ಗಂಜಿಯ ಬಟ್ಟಲು ಹಬೆಯಾಡುತ್ತಿದೆ. ಆದಿಲಕ್ಷ್ಮಮ್ಮ ಸೆರಗು ಒಡ್ಡುತ್ತಾರೆ. ನರಸಮ್ಮ ಎರಡೂ ಕೈಯಲ್ಲಿ ಹಿಡಿದು ಆ ಗಂಟನ್ನು ಸೆರಗಿಗೆ ಹಾಕುತ್ತಾರೆ.