ಕಿಸೆಯಲ್ಲಿದ್ದ ಉಳ್ಳಾಗಡ್ಡಿ

ನಮ್ಮ ಕಡೆ ಬೇಸಿಗೆಯಲ್ಲಿ ಹೊರಗೆ ಹೊರಟವನ ಕಿಸೆಯಲ್ಲಿ ಒಂದು ಉಳ್ಳಾಗಡ್ಡಿ, ಅಂದರೆ ಈರುಳ್ಳಿ, ಇರಬೇಕು. ತಿನ್ನುವುದಕ್ಕಲ್ಲ, ಸುಮ್ಮನೆ ಇಟ್ಟುಕೊಳ್ಳುವುದಕ್ಕೆ. ಬಿಸಿಲು ಬಡಿಯಲು ಬಂದರೆ ಮೊದಲು ಅದಕ್ಕೆ ಬಡಿಯುತ್ತದೆ, ಮನುಷ್ಯನನ್ನು ಬಿಡುತ್ತದೆ ಎಂಬ ನಂಬಿಕೆ. ನನ್ನ ಅಪ್ಪ ಇಟ್ಟುಕೊಳ್ಳುತ್ತಿದ್ದ, ಅವನ ಅಪ್ಪನೂ ಇಟ್ಟುಕೊಳ್ಳುತ್ತಿದ್ದನಂತೆ. ಅವರಿಬ್ಬರೂ ನಡುಮಧ್ಯಾಹ್ನ ಬೇವಿನ ನೆರಳಿನಲ್ಲಿ ಅಡ್ಡಾಗಿರುತ್ತಿದ್ದರು ಎಂಬುದನ್ನು ಮಾತ್ರ ನಾನು ಮರೆತುಬಿಟ್ಟಿದ್ದೆ.

ನಾನು ಮನೆಮನೆಗೆ ಪಾರ್ಸೆಲ್ ಮುಟ್ಟಿಸುವವನು. ಬೆಳಗ್ಗೆ ಹುಮನಾಬಾದಿನ ಗೋದಾಮಿನಲ್ಲಿ ಚೀಲ ತುಂಬಿಕೊಂಡು, ಬೈಕಿನ ಮೇಲೆ ಬಸವಕಲ್ಯಾಣಕ್ಕೆ ಬಂದು, ಅಲ್ಲಿಂದ ಸುತ್ತಲಿನ ಹಳ್ಳಿಗಳಿಗೆ ಹೋಗುತ್ತೇನೆ. ವಯಸ್ಸು ನಲವತ್ತೈದು ದಾಟಿದೆ. ನಮ್ಮ ಗೋದಾಮಿನಲ್ಲಿ ಗಾಡಿ ಹೊಡೆಯುವವರಲ್ಲಿ ನಾನೇ ಹಿರಿಯ, ಆದ್ದರಿಂದ ಬಾಯಿ ಸ್ವಲ್ಪ ಜಾಸ್ತಿ. ಕೇಳಿದವರಿಗೂ ಕೇಳದವರಿಗೂ ಬುದ್ಧಿ ಹೇಳುತ್ತೇನೆ.

ಹೇಳಿದ್ದನ್ನೆಲ್ಲ ಶ್ರದ್ಧೆಯಿಂದ ಕೇಳುತ್ತಿದ್ದವನು ಒಬ್ಬನೇ, ನನ್ನ ಜೋಡಿದಾರ. ಮೂವತ್ತರ ಆಸುಪಾಸು, ಮದುವೆಯಾಗಿ ಒಂದು ಹೆಣ್ಣುಮಗುವಿದೆ, ಮಾತು ಕಡಿಮೆ. ಬಸವಕಲ್ಯಾಣದ ತನಕ ಇಬ್ಬರೂ ಕೂಡಿ ಬರುತ್ತಿದ್ದೆವು. ಆಮೇಲೆ ನಾನು ನಾರಾಯಣಪುರದ ದಿಕ್ಕಿಗೆ, ಅವನು ಮಂಠಾಳದ ದಿಕ್ಕಿಗೆ.

ನಮ್ಮ ಹಳ್ಳಿಗಳಲ್ಲಿ ಬಿಸಿಲಲ್ಲಿ ಬಾಗಿಲಿಗೆ ಬಂದವನಿಗೆ ಬರಿ ನೀರು ಕೊಡುವುದಿಲ್ಲ. ಒಂದು ತುಣುಕು ಬೆಲ್ಲ, ಒಂದು ತಂಬಿಗೆ ನೀರು. ಬೇಡ ಎಂದರೆ ಮನೆಯವರ ಮುಖ ಸಣ್ಣದಾಗುತ್ತದೆ. ಬೈಕಿನಿಂದ ಇಳಿಯದೆಯೇ ಕೈಮುಗಿದು, ನಕ್ಕು, ಬೇಸರವಾಗದ ಹಾಗೆ ಬೇಡವೆನ್ನುವ ವಿದ್ಯೆಯನ್ನು ನಾನು ಕಲಿತಿದ್ದೆ. ಅದನ್ನು ಅವನಿಗೂ ಕಲಿಸಿದೆ.

"ಮನಿಗೊಂದು ತಂಬಗಿ ನೀರು ಕುಡ್ಕೋತ ಕುಂತ್ರ ಮಾಲು ಯಾವಾಗ ಮುಗೀಬೇಕು? ಕುಡಿದಷ್ಟು ಸಲ ಮತ್ತ ಗಾಡಿ ನಿಲ್ಲಿಸಿ ಗಿಡದ ಮರೀಗೆ ಹೋಗ್ಬೇಕು," ಅಂದಿದ್ದೆ. "ಕಿಸೇದಾಗ ಉಳ್ಳಾಗಡ್ಡಿ ಇಟ್ಕೋ. ಬಿಸಲಿನ ಫಿಕರ್ ಬಿಡು."

ಮೊದಲನೆಯ ಉಳ್ಳಾಗಡ್ಡಿಯನ್ನು ನಾನೇ ನನ್ನ ಕೈಯಾರೆ ಅವನ ಕಿಸೆಗೆ ಹಾಕಿದೆ.

ಅದು ಮೇ ತಿಂಗಳು. ನಾರಾಯಣಪುರದ ಹಳೆಯ ಶಿವನ ಗುಡಿಯ ಹತ್ತಿರ ಒಂದು ಮಿಕ್ಸರ್ ಕೊಟ್ಟು ಹೊರಡುತ್ತಿದ್ದೆ. ಗುಡಿಯ ಕಲ್ಲು ಮುಟ್ಟಿದರೆ ಕೈ ಸುಡುತ್ತಿತ್ತು. ಹೊತ್ತು ನೆತ್ತಿಯ ಮೇಲಿತ್ತು. ಆಗ ಮಂಠಾಳದ ಮಾಸ್ತರರೊಬ್ಬರ ಫೋನು ಬಂತು. ಹಿಂದಿನ ವರ್ಷ ಆ ಊರು ನನ್ನ ಪಾಲಿಗಿತ್ತು, ಹಾಗಾಗಿ ನನ್ನ ನಂಬರು ಅವರ ಹತ್ತಿರ ಉಳಿದಿತ್ತು.

"ನಿಮ್ಮ ಹುಡುಗ ಹುಷಾರ್ ಅದಾನೇನ್ರಿ? ಒಂದ ಡಬ್ಬಿ ಮೂರು ಸಲ ತಂದು ಕೊಟ್ಟ, ಮೂರು ಸಲ ವಾಪಸ್ ಒಯ್ದ. ಬೆಲ್ಲ ನೀರು ಕೊಟ್ಟೆವು, ಒಲ್ಲೆ ಅಂದ. ಈಗ ರಸ್ತಾ ಬಿಟ್ಟು ಹೊಲದ ಕಡಿ ಹೊಂಟಾನ ನೋಡ್ರಿ."

ಇದನ್ನು ಬರೆಯಲು ನಾಚಿಕೆಯಾಗುತ್ತದೆ: ನನಗೆ ಮೊದಲು ಬಂದದ್ದು ಸಿಟ್ಟು. ಮಾಲು ಗೊಂದಲ ಮಾಡಿಕೊಂಡಿದ್ದಾನೆ, ಬೈಸಿಕೊಳ್ಳುವವನು ನಾನು ಎಂದು ಅವನಿಗೆ ಫೋನು ಹಚ್ಚಿದೆ. ಬಹಳ ಹೊತ್ತಿನ ಮೇಲೆ ಎತ್ತಿದ.

"ಎಲ್ಲಿದ್ದಿ?"

"ಅಣ್ಣಾ, ಇಲ್ಲಿ ಭಾಳ ಥಂಡಿ ಅದ," ಅಂದ.

ಆ ಒಂದು ಮಾತಿಗೆ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಮೇ ತಿಂಗಳ ಮಟಮಟ ಮಧ್ಯಾಹ್ನ, ಬಟಾಬಯಲಲ್ಲಿ ನಿಂತ ಮನುಷ್ಯನಿಗೆ ಚಳಿಯಾಗುತ್ತಿದೆ ಎಂದರೆ ಏನೋ ಕೆಟ್ಟಿದೆ. ಏನು ಎಂದು ಗೊತ್ತಿರಲಿಲ್ಲ. ಗಾಡಿ ತಿರುಗಿಸಿದೆ. ದಾರಿಯುದ್ದಕ್ಕೂ ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು, ಅವನ ಫೋನು ರಿಂಗಾಗುತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ. ಅವನ ಮಗಳು ಆಗಷ್ಟೇ ನಡೆಯಲು ಕಲಿತಿದ್ದಳು. ಅದೇ ಪದೇ ಪದೇ ನೆನಪಿಗೆ ಬರುತ್ತಿತ್ತು.

ಮಂಠಾಳದ ಈಚೆ ಅವನ ಬೈಕು ರಸ್ತೆಯ ಪಕ್ಕದಲ್ಲಿ ನಿಂತಿತ್ತು. ಎಂಜಿನ್ ಇನ್ನೂ ಚಾಲೂ ಇತ್ತು. ಒಂದು ಹೊಲದಾಚೆ ಬೇವಿನ ಮರ, ಅದರ ಕೆಳಗೆ ಕುರಿ ಹಿಂಡು. ಕುರಿಗಳೆಲ್ಲ ಒತ್ತೊತ್ತಾಗಿ ನಿಂತು, ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ತೂರಿಸಿಕೊಂಡಿದ್ದವು. ಕೊಂಬೆಗೆ ಒಂದು ಕಂಬಳಿ ಕಟ್ಟಿ ಇನ್ನಷ್ಟು ನೆರಳು ಮಾಡಿದ್ದರು. ಅದರಡಿಯಲ್ಲಿ ಅವನು ಮಲಗಿದ್ದ. ಒಬ್ಬ ಮುದುಕಿ ಪಕ್ಕದಲ್ಲಿ ಕೂತು ರಟ್ಟಿನಿಂದ ಗಾಳಿ ಹಾಕುತ್ತಿದ್ದಳು. ಆ ರಟ್ಟು ನಮ್ಮ ಪಾರ್ಸೆಲ್ಲಿನದು. ಡಬ್ಬಿ ಹರಿದಳಲ್ಲ ಎಂದು ಆ ಸ್ಥಿತಿಯಲ್ಲೂ ನನ್ನ ತಲೆಗೆ ಹೊಳೆಯಿತು. ಈ ಕೆಲಸ ಮನುಷ್ಯನನ್ನು ಅಷ್ಟು ದೂರ ತಂದು ನಿಲ್ಲಿಸುತ್ತದೆ.

ಅವನ ಕಂಪನಿ ಜಾಕೀಟು, ಅಂಗಿ ಎರಡನ್ನೂ ಆಕೆ ಬಿಚ್ಚಿ ಬದಿಗೆ ಎಸೆದಿದ್ದಳು. ಹಳೆಯ ಸೀರೆಯ ತುಂಡನ್ನು ನೀರಲ್ಲಿ ಅದ್ದಿ ಕುತ್ತಿಗೆಗೆ, ಕಂಕುಳಿಗೆ, ತೊಡೆಯ ಸಂದಿಗೆ ಹಾಕಿದ್ದಳು. ಮುಟ್ಟಿದೆ. ಹಣೆ ಒಲೆಯ ಮೇಲಿನ ಹಂಚಿನ ಹಾಗಿತ್ತು, ಒಂದು ಹನಿ ಬೆವರಿಲ್ಲ. ಕಣ್ಣು ಅರ್ಧ ತೆರೆದಿದ್ದವು, ನನ್ನನ್ನು ನೋಡುತ್ತಿರಲಿಲ್ಲ. ಕೂಗಿದೆ, ಓಗೊಡಲಿಲ್ಲ. ನನ್ನ ಬಾಟಲಿ ತೆಗೆದು ಅವನ ಬಾಯಿಗೆ ನೀರು ಹಾಕಲು ಹೋದೆ. ಮುದುಕಿ ಫಟ್ಟನೆ ನನ್ನ ಕೈಗೆ ಹೊಡೆದಳು.

"ಎಚ್ಚರ ಇಲ್ಲದವನ ಬಾಯಾಗ ನೀರು ಹಾಕ್ತಾರೇನು? ಕುರಿ ಮರಿಗೂ ಹಂಗ ಹಾಕಂಗಿಲ್ಲ, ಉಸಿರಿನಾಗ ಹೋಗ್ತದ. ಮೈಮ್ಯಾಲ ಹಾಕು. ಗಾಡಿಗಿ ಫೋನ್ ಮಾಡು."

ಆಂಬುಲೆನ್ಸಿಗೆ ಫೋನು ಮಾಡಿದೆ. ಬಸವಕಲ್ಯಾಣದಿಂದ ಬರಬೇಕಿತ್ತು. ಅದು ಬರುವ ತನಕ ಆಕೆ ಹೇಳಿದ ಹಾಗೆ ನಾನು ನೀರು ಹಾಕಿದೆ, ಆಕೆ ಗಾಳಿ ಹಾಕಿದಳು. ನನ್ನ ಬಾಟಲಿ ಮುಗಿಯಿತು. ಆಕೆಯ ಹತ್ತಿರ ಎರಡು ಕ್ಯಾನು ನೀರಿತ್ತು, ಮರಿಗಳಿಗೆಂದು ದೂರದ ಬೋರಿನಿಂದ ಹೊತ್ತು ತಂದದ್ದು. ಮರಿಗಳು ಅರಚುತ್ತಿದ್ದವು. ಆಕೆ ಅತ್ತ ತಿರುಗಿಯೂ ನೋಡದೆ ಎರಡನೆಯ ಕ್ಯಾನನ್ನೂ ಅವನ ಮೈಮೇಲೆ ಸುರಿದಳು.

"ಬಿಸಲು ಬಡಿದದ ಅಂತ ಹ್ಯಾಂಗ ಗೊತ್ತಾತು ಆಯಿ?" ಅಂದೆ. ಮಾತಾಡದಿದ್ದರೆ ಅಳುತ್ತಿದ್ದೆ.

"ಹಿಂಡು ನೋಡು," ಅಂದಳು. "ಈ ಹೊತ್ತಿನಾಗ ಕುರಿ ತೆಲಿ ಎತ್ತಂಗಿಲ್ಲ. ಒಂದಕ್ಕೊಂದು ನೆರಳಾಗಿ ನಿಂದರ್ತಾವ. ಹೊಡೆದ್ರೂ ಸರಿಯಂಗಿಲ್ಲ. ಯಾವುದಾರ ಒಂದು ಹಿಂಡು ಬಿಟ್ಟು, ಬಿಸಲಿಗಿ ಮಾರಿ ಮಾಡಿ, ತೂರಾಡಕೋತ ಹೊಂಟ್ರ ಅದಕ್ಕ ಬಡಿದದ ಅಂತನ. ಇಂವ ಹಂಗ ಹೊಂಟಿದ್ದ. ಓಡಿ ಹೋಗಿ ಹಿಡದೆ."

ನಾನು ಆ ಕುರಿಗಳನ್ನು ನೋಡಿದೆ. ಹುಟ್ಟಿದಾಗಿನಿಂದ ನೋಡುತ್ತ ಬಂದ ಪ್ರಾಣಿ, ದಡ್ಡರನ್ನು ಬೈಯಲು ಅದರ ಹೆಸರನ್ನೇ ಬಳಸುತ್ತ ಬಂದವನು ನಾನು. ಅವುಗಳಿಗೆ ಫೋನಿಲ್ಲ, ಇಂದು ಎಷ್ಟು ಬಿಸಿಲು ಎಂದು ಯಾರೂ ಹೇಳಿಲ್ಲ. ಆದರೂ ಒಂದೂ ತಲೆ ಎತ್ತಿರಲಿಲ್ಲ. ಆ ಹೊತ್ತಿನಲ್ಲಿ ಕಣ್ಣಿಗೆ ಬೀಳುವಷ್ಟು ದೂರದವರೆಗೆ ಬಿಸಿಲಲ್ಲಿ ತಿರುಗುತ್ತಿದ್ದ ಜೀವ ನಮ್ಮಿಬ್ಬರದೇ ಆಗಿತ್ತು. ಇನ್ನು ಆ ಮುದುಕಿಯೋ, ಸಾಲೆಯ ಮೆಟ್ಟಿಲು ಹತ್ತಿದವಳಂತೆ ಕಾಣಲಿಲ್ಲ. ಒಬ್ಬ ಅಪರಿಚಿತನ ನಡಿಗೆಯನ್ನು ಒಂದು ಹೊಲದ ದೂರದಿಂದ ಓದಿದ್ದಳು. ಎದ್ದು ಆಕೆಯ ಕಾಲು ಮುಟ್ಟಬೇಕು ಅನಿಸಿತು.

ಆಗಲೇ ಆಕೆ ಅವನ ಪ್ಯಾಂಟಿನ ಕಿಸೆಯಲ್ಲಿ ಏನೋ ಉಬ್ಬಿದ್ದನ್ನು ಕಂಡು ಹೊರಗೆ ತೆಗೆದಳು. ಉಳ್ಳಾಗಡ್ಡಿ. ಬಾಡಿ ಮೆತ್ತಗಾಗಿತ್ತು.

"ನೀರು ಇಟ್ಕೊಳ್ಳೋದು ಬಿಟ್ಟು ಇದನ್ನ ಇಟ್ಕೊಂಡಾನ. ಯಾರು ಹೇಳಿದ್ರು ಇವಗ?"

"ಯಾರಿಗಿ ಗೊತ್ತು ಆಯಿ," ಅಂದೆ ನಾನು.

ಆಕೆ ನನ್ನನ್ನು ಒಂದು ಸಲ ನೋಡಿ ಮತ್ತೆ ಗಾಳಿ ಹಾಕತೊಡಗಿದಳು. ಆಂಬುಲೆನ್ಸ್ ಬಂತು. ಅದರ ಹಿಂದೆಯೇ ನಾನೂ ಬೈಕು ಹೊಡೆದೆ.

ದವಾಖಾನೆಯಲ್ಲಿ ಡಾಕ್ಟರು ನನ್ನನ್ನು ಕರೆದು, ಮೈ ತಣ್ಣಗೆ ಮಾಡಿದವರು ಯಾರು ಎಂದು ಕೇಳಿದರು. ಕುರಿ ಕಾಯುವ ಮುದುಕಿ ಎಂದೆ. ಇನ್ನು ಸ್ವಲ್ಪ ತಡವಾಗಿದ್ದರೆ ನಮ್ಮ ಕೈಯಲ್ಲೂ ಏನೂ ಇರುತ್ತಿರಲಿಲ್ಲ ಎಂದರು. ಈಗಲೂ ಹೇಳಲಾಗದು, ಬಿಸಿಲಿನಿಂದ ಮೆದುಳಿಗೆ ಪೆಟ್ಟಾಗಿದೆಯೋ ಇಲ್ಲವೋ ಎಂಬುದು ಎಚ್ಚರವಾದ ಮೇಲೆ ಗೊತ್ತಾಗಬೇಕು ಎಂದರು. ಅವನ ಹೆಂಡತಿ ಮಗುವನ್ನು ಎತ್ತಿಕೊಂಡು ಬಂದು ಗೋಡೆಗೆ ಒರಗಿ ಕೂತಳು. ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ಮರುದಿನ ಮುಂಜಾನೆ ಅವನು ಕಣ್ಣು ಬಿಟ್ಟ. ಹೆಂಡತಿಯ ಗುರುತು ಸಿಕ್ಕಿತು, ಮಗಳ ಗುರುತು ಸಿಕ್ಕಿತು. ಆಮೇಲೆ ನನ್ನ ಕಡೆ ನೋಡಿದ. ಬೈಯುತ್ತಾನೆ ಎಂದುಕೊಂಡೆ. ಅವನ ಮುಖದಲ್ಲಿ ಇದ್ದದ್ದು ತಪ್ಪು ಮಾಡಿದವನ ಅಂಜಿಕೆ.

"ಅಣ್ಣಾ, ಉಳ್ಳಾಗಡ್ಡಿ ಇಟ್ಕೊಂಡಿದ್ದೆ," ಅಂದ. "ನೀ ಹೇಳಿದಂಗ. ನೀರೂ ಕುಡಿದಿದ್ದಿಲ್ಲ."

ನನ್ನಿಂದ ಅಲ್ಲಿ ನಿಲ್ಲಲಾಗಲಿಲ್ಲ. ಬೈಕು ಹತ್ತಿ ಸೀದಾ ಆ ಬೇವಿನ ಮರಕ್ಕೆ ಹೋದೆ, ಎರಡು ಕ್ಯಾನು ತುಂಬ ನೀರು ಕಟ್ಟಿಕೊಂಡು. ಮುಟ್ಟುವಷ್ಟರಲ್ಲಿ ಬಿಸಿಲೇರಿತ್ತು, ಹಿಂಡು ಅಲ್ಲಿಯೇ ಇತ್ತು. ಮುದುಕಿ ರೊಟ್ಟಿ ಬಿಚ್ಚುತ್ತಿದ್ದಳು. ಬದುಕಿದ ಎಂದೆ. ಆಕೆ ಮೇಲೆ ನೋಡಿ ಕೈಮುಗಿದಳು. ಆಮೇಲೆ, "ಆಯಿ, ನಿನ್ನೆ ಸುಳ್ಳು ಹೇಳಿದೆ. ಉಳ್ಳಾಗಡ್ಡಿ ಇಟ್ಕೋ, ನೀರು ಕುಡೀಬ್ಯಾಡ ಅಂತ ಅವಗ ಹೇಳಿದಾಂವ ನಾನ," ಅಂದೆ.

"ಗೊತ್ತದ," ಅಂದಳು ಆಕೆ ರೊಟ್ಟಿ ಮುರಿಯುತ್ತ. "ನಿನ್ನ ಕಿಸೇನೂ ಉಬ್ಬಿತ್ತು. ಈಗೂ ಉಬ್ಬೇದ."

ಕೈ ಹಾಕಿ ನೋಡಿಕೊಂಡೆ. ಹೌದು. ನಿನ್ನೆಯದೇ ಉಳ್ಳಾಗಡ್ಡಿ.

ಆಕೆ ಅದನ್ನು ಇಸಿದುಕೊಂಡು, ಕಲ್ಲಿನ ಮೇಲಿಟ್ಟು ಮುಷ್ಟಿಯಿಂದ ಗುದ್ದಿ ಒಡೆದು, ಉಪ್ಪು ಹಚ್ಚಿ, ಅರ್ಧವನ್ನು ರೊಟ್ಟಿಯ ಮೇಲಿಟ್ಟು ನನಗೆ ಕೊಟ್ಟಳು. "ಇದು ತಿನ್ನಾಕ ಇರೋದು. ತಿನ್ನು, ನೀರು ಕುಡಿ, ಹೊತ್ತು ಇಳಿದ ಮ್ಯಾಲ ಹೋಗು."

ತಿಂದೆ. ಗೋದಾಮಿನಿಂದ ಫೋನು ಬರುತ್ತಲೇ ಇತ್ತು. ಮಧ್ಯಾಹ್ನ ಇನ್ನು ಗಾಡಿ ನಡೆಯುವುದಿಲ್ಲ, ಬೇಕಾದರೆ ಮುಂಜಾನೆ ಬೇಗ ಮಾಲು ಕೊಡಿ, ಇಲ್ಲದಿದ್ದರೆ ನನ್ನನ್ನು ಕೆಲಸದಿಂದ ಬಿಡಿಸಿ ಎಂದು ಒಂದು ಸಲ ಹೇಳಿ ಇಟ್ಟೆ. ಆಮೇಲೆ ಆಕೆಯ ತಂಬಿಗೆಯಿಂದ ಹೊಟ್ಟೆ ತುಂಬ ನೀರು ಕುಡಿದು, ತಲೆ ತಗ್ಗಿಸಿ, ಕುರಿಗಳ ಪಕ್ಕದಲ್ಲಿ ಕೂತೆ.