ಅವ್ವ ತಿಕ್ಕಿದ ಪದಕಗಳು

ಅಪ್ಪನ ಪದಕಗಳನ್ನು ಮಾರಿಬಿಡೋಣವೆಂದು ಮೊದಲು ಬಾಯಿ ಬಿಟ್ಟವಳು ಅವ್ವನೇ. ನಾನೂ ಅಲ್ಲ, ನನ್ನ ತಮ್ಮನೂ ಅಲ್ಲ. ಇದನ್ನು ಮುಂಚಿತವಾಗಿಯೇ ಹೇಳಿಬಿಡುತ್ತೇನೆ. ಮುದುಕಿಯ ಕೈಯಿಂದ ಮಕ್ಕಳೇ ಕಸಿಯಲು ಹೊರಟಿದ್ದರೆಂದು ನಮ್ಮ ಬೆಟಗೇರಿಯ ಓಣಿಯಲ್ಲಿ ಇಂದಿಗೂ ಆಡಿಕೊಳ್ಳುವವರಿದ್ದಾರೆ. ಆಡುವವರ ಬಾಯಿಗೆ ಬೀಗ ಹಾಕುವುದು ನನ್ನಿಂದಾಗದ ಕೆಲಸ.

ಅಪ್ಪ ನೇಕಾರರ ಮನೆಯಿಂದ ಸೈನ್ಯಕ್ಕೆ ಹೋದವನು. ಅವನು ಯುದ್ಧದಲ್ಲಿ ಸತ್ತಾಗ ನನಗೆ ಮೂರು ವರ್ಷ, ತಮ್ಮ ಇನ್ನೂ ಹೊಟ್ಟೆಯಲ್ಲಿದ್ದ. ದೇಹ ಊರಿಗೆ ಬರಲಿಲ್ಲ. ಬಂದದ್ದು ಒಂದು ಕಬ್ಬಿಣದ ಟ್ರಂಕು. ಅದರಲ್ಲಿ ಉಣ್ಣೆಯ ಕೋಟು, ಟೊಪ್ಪಿಗೆಯ ಬಿಲ್ಲೆ, ನೀರಿನ ಡಬ್ಬಿ ಇದ್ದವು. ಬಹಳ ತಡವಾಗಿ ಅಂಚೆಯಲ್ಲಿ ಮೂರು ಪದಕ ಬಂದವಂತೆ. ಕೋಟನ್ನು ನುಸಿ ತಿಂದಿತು. ಪದಕಗಳು ದೇವರ ಜಗಲಿ ಸೇರಿದವು.

ಅಮವಾಸ್ಯೆಯ ದಿನ ನಮ್ಮಲ್ಲಿ ಮಗ್ಗಕ್ಕೆ ರಜೆ. ಅವ್ವ ಅಂದು ಮಗ್ಗದ ಧೂಳು ಹೊಡೆದು, ಲಾಳಿ ಒರೆಸಿ, ಪೂಜೆಯ ಹಿತ್ತಾಳೆ ಸಾಮಾನಿನ ಜೊತೆ ಪದಕಗಳನ್ನೂ ಬಚ್ಚಲಿಗೆ ಒಯ್ಯುತ್ತಿದ್ದಳು. ಹುಣಸೆಹಣ್ಣು, ಇಟ್ಟಂಗಿ ಪುಡಿ ಹಚ್ಚಿ ತಿಕ್ಕುತ್ತಿದ್ದಳು. ನಡುವಿನ ಉಬ್ಬಕ್ಷರಗಳ ಮೇಲೆ ಕೈ ಹಗುರ, ಸುತ್ತಲಿನ ಅಂಚಿಗೆ ಬಂದರೆ ಬಿಗಿ. ಹೀಗೆ ಐವತ್ತು ವರ್ಷಕ್ಕೂ ಮಿಕ್ಕಿ ತಿಕ್ಕಿದಳು. ಕಣ್ಣಿಗೆ ಮಂಜು ಕವಿದ ಮೇಲೂ ಬಿಡಲಿಲ್ಲ.

ಹೋದ ವರ್ಷ ಪಕ್ಕದ ಮನೆಯವರು ಕುಣಿಮಗ್ಗ ಕಿತ್ತು ಕಟ್ಟಿಗೆ ಅಡ್ಡೆಗೆ ಕಳಿಸಿದರು. ಅಂದಿನಿಂದ ಅವ್ವನಿಗೆ ಒಂದೇ ಗುಂಗು. ತಾನು ಹೋದ ಮೇಲೆ ಅಪ್ಪನ ಪದಕಗಳೂ ಹಳೇ ಕಬ್ಬಿಣ, ಮೋಡಕಾ ಆಯುವವನ ಬುಟ್ಟಿಗೆ ಬೀಳುತ್ತವೆ, ಈಗಲೇ ಯಾರಾದರೂ ಜೋಪಾನ ಮಾಡುವವರಿಗೆ ಮಾರಿಯಾದರೂ ಕೊಟ್ಟುಬಿಡಿ ಎಂದು ಹಟ ಹಿಡಿದಳು. ನನ್ನ ತಮ್ಮ ಮುಂಡರಗಿಯಲ್ಲಿ ಬಟ್ಟೆ ಅಂಗಡಿ ಇಟ್ಟವನು, ಯಾವುದನ್ನೂ ಮಾರಬಾರದೆನ್ನುವ ಜಾತಿಯಲ್ಲ. ಅವನು ಹೂಂ ಅಂದರೆ ನಾನು ಊಹೂಂ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಕೆಲವು ತಿಂಗಳು ನಡೆಯಿತು.

ಕಡೆಗೆ ಅವನೇ ಹುಬ್ಬಳ್ಳಿಯ ಸಂಗ್ರಾಹಕರೊಬ್ಬರನ್ನು ಹುಡುಕಿದ. ಪದಕಗಳನ್ನು ಮನೆಯಲ್ಲೇ ಗಾಜಿನ ಕಪಾಟಿನಲ್ಲಿಟ್ಟು, ಪ್ರತಿಯೊಂದರ ಕೆಳಗೂ ಆ ಸೈನಿಕನ ಹೆಸರು ಬರೆದಿಡುತ್ತೇನೆಂದು ಅವರು ಫೋನಿನಲ್ಲಿ ಹೇಳಿದ್ದರು. ಅವ್ವ ಅದೊಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಹೆಸರ ಬರದಿಡತಾರಂತ. ಬಂದ ಮಂದಿ ಓದತಾರಂತ. ಅಲ್ಲೇ ಇರಲಿ ಬಿಡವಾ,” ಎಂದಳು. ನಾನು ಸೋತೆ.

ಬಂದವರು ಒಳ್ಳೆಯ ಮನುಷ್ಯ. ನಾನು ಬೈಯಲು ಸಿದ್ಧಮಾಡಿಟ್ಟುಕೊಂಡಿದ್ದ ಮಾತೆಲ್ಲ ದಂಡವಾಯಿತು. ಚಹಾ ಕುಡಿದು, ಬಿಳಿ ಅರಿವೆ ಹಾಸಿ, ಪದಕಗಳನ್ನು ಒಂದೊಂದಾಗಿ ಭೂತಗನ್ನಡಿಯ ಕೆಳಗೆ ತಿರುಗಿಸಿ ನೋಡಿದರು. ಮತ್ತೆ ಮೊದಲಿನದನ್ನು ಎತ್ತಿಕೊಂಡರು. ಆಮೇಲೆ ತಮ್ಮನಿಗೆ ಮೆಲ್ಲಗೆ ಹೇಳಿದರು, ಸೈನಿಕನ ಹೆಸರನ್ನು ಅಂಚಿನ ಮೇಲೆ ಸಣ್ಣಗೆ ಕೊರೆದಿರುತ್ತಾರೆ, ಪದಕ ಯಾರದೆಂದು ತಿಳಿಯುವುದೇ ಅದರಿಂದ, ಇವುಗಳಲ್ಲಿ ಅದು ಉಳಿದಿಲ್ಲ ಎಂದು. “ಯಾರೋ ಭಾಳ ತಿಕ್ಯಾರ್ರಿ,” ಎಂದರು. ನಾನು ಕಣ್ಣಲ್ಲೇ ಸುಮ್ಮನಿರಿ ಎಂದೆ. ಅವ್ವನ ಕಣ್ಣು ಮಂದವಾಗಿದ್ದವೇ ಹೊರತು ಕಿವಿ ಚುರುಕಾಗಿಯೇ ಇದ್ದವು.

“ಹೆಸರು ನಟ್ಟನಡುವ ಐತೆಲ್ರಿ, ಉಬ್ಬಿದ್ದು?” ಎಂದಳು.

ಅವರು ಸಂಕೋಚದಿಂದ, ಆ ಅಕ್ಷರ ಎಲ್ಲರ ಪದಕದ ಮೇಲೂ ಒಂದೇ ಇರುತ್ತದೆ ಎಂದರು. ಓದು ಬಾರದ ಅವ್ವ ಅದನ್ನೇ ಗಂಡನ ಹೆಸರೆಂದು ತಿಳಿದು ಅಷ್ಟು ವರ್ಷ ಅದಕ್ಕೆ ಕುಂಕುಮ ಹಚ್ಚಿದ್ದಳು. ಓದು ಬಂದ ನಾವು ಅಂಚಿನ ಕಡೆ ನೋಡಿದವರೇ ಅಲ್ಲ. ಅವ್ವ ಒಂದು ಪದಕವನ್ನು ಎತ್ತಿಕೊಂಡು ಅಂಚಿನ ಸುತ್ತ ಬೆರಳಾಡಿಸಿದಳು.

“ಅಂಚಿನಾಗ ಗೀರ ಇದ್ದವು,” ಎಂದಳು ಆಮೇಲೆ. “ಹೊಲಸು ಕುಂತೈತಿ ಅಂತ ತಿಕ್ಕಿದೆ.”

ನೀವು ಹೇಳಿದ ಹೆಸರನ್ನೇ ಚೀಟಿಯ ಮೇಲೆ ಬರೆದಿಡುತ್ತೇನೆ, ಯೋಚಿಸಿ ಹೇಳಿ ಎಂದು ಅವರು ಹೊರಟರು. ಆ ವಾರವೆಲ್ಲ ಅವ್ವ ಊಟದ ತಾಟಿನ ಮುಂದೆ ಕೂತು ಏಳುತ್ತಿದ್ದಳು, ಅಷ್ಟೇ. ಆಮೇಲೊಂದು ದಿನ, ಮದುವೆಯ ಉಡುಗೊರೆ ಭಾಂಡೆ-ಪಾತ್ರೆಗಳ ಮೇಲೆ ಹೆಸರು ಹಾಕಿಸುತ್ತೇವಲ್ಲ, ಹಾಗೆ ಇದರ ಮೇಲೂ ಹಾಕಿಸಲು ಬರುತ್ತದೇನು ಎಂದು ಕೇಳಿದಳು. ನಾನು ಹುಬ್ಬಳ್ಳಿಗೆ ಫೋನು ಮಾಡಿದೆ. ದಯವಿಟ್ಟು ಮಾಡಬೇಡಿ, ಹೊಸದಾಗಿ ಕೊರೆಸಿದ್ದನ್ನು ನಕಲಿ ಎನ್ನುತ್ತಾರೆ, ಮುಂದೆ ಯಾರೂ ಮುಟ್ಟುವುದಿಲ್ಲ ಎಂದರು. ತಮ್ಮನೂ ಅದನ್ನೇ ಹೇಳಿದ.

“ಹೆಸರಿಲ್ಲದ ಅವರ್ನ ಮಂದಿ ಮನಿಗೆ ಹ್ಯಾಂಗ ಕಳಸಲಿ?” ಎಂದಳು ಅವ್ವ. ಮಾರಾಟದ ಮಾತು ಅಲ್ಲಿಗೆ ಮುಗಿಯಿತು.

ಗದಗದ ಪೇಟೆಯ ಭಾಂಡೆ ಅಂಗಡಿಗೆ ನಾನೂ ಅವ್ವನೂ ರಿಕ್ಷಾದಲ್ಲಿ ಹೋದೆವು. ಹೆಸರು ಕೊರೆಯುವವನು ಕೊಡಗಳ ನಡುವೆ ಕೂತು, ಗುರ್ರೆನ್ನುವ ಸೂಜಿ ಹಿಡಿದು, ಏನು ಹೆಸರು ಹಾಕಲಿ ಎಂದು ಎಲ್ಲರನ್ನೂ ಕೇಳುವ ಹಾಗೆಯೇ ಕೇಳಿದ. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಎತ್ತುವುದಿಲ್ಲ. ಪಿಂಚಣಿ ಕಚೇರಿ, ಬ್ಯಾಂಕು, ದವಾಖಾನೆ, ಎಲ್ಲಿ ಕೇಳಿದರೂ ಅವ್ವ ನನ್ನ ಮುಖ ನೋಡುತ್ತಿದ್ದಳು, ನಾನು ಹೇಳುತ್ತಿದ್ದೆ. ಅಂದೂ ಬಾಯಿ ತೆರೆದೆ. ಅವ್ವ ನನ್ನ ಮುಂಗೈ ಒತ್ತಿ ಹಿಡಿದಳು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ತಾನೇ ಹೇಳಿದಳು, ಪಿಸುಮಾತಿನಲ್ಲಿ.

ಅವನು ಸೂಜಿ ನಿಲ್ಲಿಸಿ ತಲೆ ಎತ್ತಿದ. “ಜೋರಲೆ ಹೇಳಬೇ ಯವ್ವಾ, ಕೇಳಸಲಿಲ್ಲ.”

ಅವ್ವ ಮತ್ತೊಮ್ಮೆ ಹೇಳಿದಳು. ಕೊಡ ಕೊಳ್ಳಲು ಬಂದವರು ತಿರುಗಿ ನೋಡುವಷ್ಟು ಗಟ್ಟಿಯಾಗಿ, ಮನೆತನದ ಹೆಸರೂ ಸೇರಿಸಿ. ಅಪ್ಪನ ಹೆಸರನ್ನು ಅವ್ವನ ದನಿಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಅವನು ಸತ್ತಾಗ ನನಗೆ ತಿಳಿದು ಅಳುವ ವಯಸ್ಸಾಗಿರಲಿಲ್ಲ. ಆ ಅಂಗಡಿಯಲ್ಲಿ ನಿಂತು ಅತ್ತುಬಿಟ್ಟೆ.