ಎರಡೂ ಕಡೆ ಕನ್ನಡ

ಮೇಷ್ಟ್ರು ಶನಿವಾರ ಬರುತ್ತಿದ್ದರು. ಹೊಸಬಾಳೆಯಿಂದ ಸೊರಬಕ್ಕೆ ಒಂದು ಬಸ್ಸು, ಅಲ್ಲಿಂದ ಶಿರಾಳಕೊಪ್ಪದ ಮೇಲೆ ಶಿಕಾರಿಪುರಕ್ಕೆ ಇನ್ನೊಂದು. ಹನ್ನೊಂದರ ಹೊತ್ತಿಗೆ ನನ್ನ ಡಿಟಿಪಿ ಅಂಗಡಿಯ ಮೂರು ಮೆಟ್ಟಿಲು ಹತ್ತಿ, ಚಪ್ಪಲಿ ಬಿಟ್ಟು, “ಎಲ್ಲಿಗೆ ನಿಲ್ಸಿದ್ವಿ ಮಾರಾಯ್ತಿ?” ಎಂದು ಕೇಳಿಕೊಂಡೇ ನನ್ನ ಪಕ್ಕದ ನೀಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುತ್ತಿದ್ದರು. ಮದುವೆ ಕಾರ್ಡು ಮಾಡಿಸಲು ಬಂದವರಿಗಾಗಲಿ, ಪ್ರಶ್ನೆಪತ್ರಿಕೆ ತಂದ ಟೀಚರುಗಳಿಗಾಗಲಿ ಆ ಕುರ್ಚಿಯನ್ನು ನಾನು ಕೊಡುತ್ತಿರಲಿಲ್ಲ. ಯಾರೂ ಕೂರದಿರಲಿ ಎಂದೇ ವಾರವೆಲ್ಲ ಅದರ ಮೇಲೆ ಕಾಗದದ ರೀಮು ಇಟ್ಟಿರುತ್ತಿದ್ದೆ.

ಅವರು ಸೊರಬದ ಉಳವಿ ಕಡೆಯ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತರಾದವರು. ನಮ್ಮ ಎರಡು ತಾಲೂಕಿನ ಗದ್ದೆಯ ಮಾತು, ಹೊಲದ ಮಾತು, ಪಹಣಿ ಪತ್ರದ ಮಾತು ಎಲ್ಲ ಒಟ್ಟುಮಾಡಿ ಒಂದು ಪದಕೋಶ ತರಬೇಕೆಂದು ಹಟ ಹಿಡಿದಿದ್ದರು. ಸೊರಬದವರ ಗೊಣಬೆ ನಮ್ಮ ಕಡೆ ಬಣವೆ. ಅವರಿಗೆ ಎರಡೂ ಬೇಕು. ಅಂಬ್ಲಿಗೊಳ ಜಲಾಶಯದ ನೀರು ಕುಡಿಯುವ ಗದ್ದೆಗಳಲ್ಲಿ ಯಾವ ಮಾತು, ಆಚೆಯ ಹೊಲಗಳಲ್ಲಿ ಯಾವ ಮಾತು ಅಂತ ತಮಗೆ ಮಾತ್ರ ಓದಲು ಬರುವ ಗೀಚಿನಲ್ಲಿ ಚೀಟಿಗಳ ಮೇಲೆ ಬರೆದುಕೊಂಡು ಬರುವುದು, ಅವರು ನೋಡಿ ಹೇಳುವುದು, ನಾನು ಟೈಪ್ ಮಾಡುವುದು. ಹೇಳಿದ ಮಾತು ಪರದೆಯ ಮೇಲೆ ಬಿದ್ದದ್ದನ್ನು ನೋಡಿ ಪ್ರತಿ ಸಲವೂ ಅವರ ಮುಖ ಅರಳುತ್ತಿತ್ತು. ‘ಅ’ದಿಂದ ಶುರುಮಾಡಿ ‘ಸ’ ಮುಗಿಸುವಷ್ಟರಲ್ಲಿ ಒಂಬತ್ತು ವರ್ಷವಾಯಿತು. ಉಳಿದದ್ದು ‘ಹ’ ಒಂದೇ. ಅದರ ಕೊನೆಯ ಮಾತನ್ನು, ಅವರು ಪಕ್ಕದಲ್ಲಿ ಕೂತಿರುವಾಗ, ನನ್ನ ಕೈಯೇ ಹೊಡೆಯಬೇಕು ಅನ್ನುವುದು ನನ್ನ ಆಸೆ. ಬೇರೆ ಆಸೆಗಳು ನನಗೆ ಹೆಚ್ಚಿಲ್ಲ, ಹಾಗಾಗಿ ಇದು ಸ್ವಲ್ಪ ದೊಡ್ಡದಾಗಿಯೇ ಬೆಳೆದಿತ್ತು.

ಅಷ್ಟರಲ್ಲಿ ಅವರಿಗೆ ಸಣ್ಣಗೆ ಲಕ್ವ ಹೊಡೆಯಿತು.

ಕಿತ್ತಳೆ ಹಣ್ಣು ಹಿಡಿದು ನೋಡಲು ಹೋದೆ. ಎಡಗಡೆ ಬಾಯಿ ಸ್ವಲ್ಪ ವಾರೆಯಾಗಿತ್ತು, ಮಾತು ನಿಧಾನವಾಗಿ, ಮುದ್ದೆಯಾಗಿ ಬರುತ್ತಿತ್ತು. ಅವರ ಸೊಸೆ ಪಕ್ಕದಲ್ಲಿ ಕೂತು ತುಟಿಯ ಅಂಚು ಒರೆಸುತ್ತಿದ್ದಳು. ಸೊರಬದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುವವಳು, ನನಗಿಂತ ಹದಿನೈದು ವರ್ಷವಾದರೂ ಚಿಕ್ಕವಳು. ಅವರು ಏನೋ ಅಂದರು, ನನಗೆ ತಿಳಿಯಲಿಲ್ಲ. “ಕಾಫಿಗೆ ಸಕ್ಕರೆ ಕಮ್ಮಿ ಹಾಕು ಅಂತಿದಾರೆ, ನಿಮಗೆ ಆಗಲ್ಲವಂತಲ್ಲ” ಎಂದು ಅವಳು ಹೇಳಿದಳು. ನನ್ನ ಸಕ್ಕರೆಯ ವಿಷಯ ನೆನಪಿಟ್ಟದ್ದು ಮೇಷ್ಟ್ರು. ಅದು ಅರ್ಥವಾದದ್ದು ಅವಳಿಗೆ. ಹೊಟ್ಟೆಯಲ್ಲಿ ಕಿಚ್ಚು ಬಿದ್ದದ್ದು ಅವತ್ತೇ. ಕಾಯಿಲೆಯವರನ್ನು ನೋಡಲು ಹೋಗಿ ಹೊಟ್ಟೆ ಉರಿಸಿಕೊಂಡು ಬಂದವಳು ಊರಲ್ಲಿ ನಾನೊಬ್ಬಳೇ ಇರಬೇಕು.

ಬಸ್ಸು ಹತ್ತುವುದು ಇನ್ನು ಸಾಧ್ಯವಿರಲಿಲ್ಲ. ಫೋನಿನಲ್ಲಿ ಅವರ ದಿನದ ಮಾತು ಹೇಗೋ ಹತ್ತುತ್ತಿತ್ತು, ಕೋಶದ ಮಾತನ್ನು ಮಾತ್ರ ಬಾಯಿ ನೋಡಿಕೊಂಡೇ ತಿಳಿಯಬೇಕಿತ್ತು. ಕಡತವನ್ನೇ ಅಲ್ಲಿಗೆ ಕಳಿಸೋಣವೆಂದರೆ ಅದು ನನ್ನ ಹಳೇ ವಿಂಡೋಸ್ ಯಂತ್ರದಲ್ಲಿ, ಹಳೇ ಪುಟವಿನ್ಯಾಸದ ತಂತ್ರಾಂಶದಲ್ಲಿ, ಹಳೇ ಫಾಂಟಿನಲ್ಲಿ ಕೂತಿತ್ತು. ಬೇರೆ ಕಡೆ ತೆರೆದರೆ ಒತ್ತಕ್ಷರಗಳೆಲ್ಲ ದಿಕ್ಕಾಪಾಲು. ಈ ಕಾರಣಕ್ಕೆ ನಾನು ಒಳಗೊಳಗೇ ಖುಷಿಪಟ್ಟೆ. ನನ್ನನ್ನು ಬಿಟ್ಟು ‘ಹ’ ಮುಗಿಯುವ ಹಾಗಿಲ್ಲ ಎಂದುಕೊಂಡೆ.

ಮಂಗಳವಾರ ಸೊಸೆಯ ಫೋನು ಬಂತು.

“ಅಕ್ಕಾ, ಕಡತ ಕಳಿಸೋದೇ ಬ್ಯಾಡ. ನಿಮ್ಮ ಸಿಸ್ಟಮ್ಮು ನಿಮ್ಮಲ್ಲೇ ಇರ್ಲಿ. ನಾನೇ ಇಲ್ಲಿಂದ ಅದರೊಳಗೆ ಬರ್ತೀನಿ. ಮಾವ ಹೇಳ್ತಾರೆ, ನಾನು ಹೊಡೀತೀನಿ. ಪರದೆ ಇಲ್ಲೂ ಕಾಣ್ತದೆ, ಅಲ್ಲೂ ಕಾಣ್ತದೆ.”

ನಾನೇನು ಇವಳಿಗೆ ಅಕ್ಕ? ಆದರೂ “ಆಗ್ಲಿ ಬಿಡ್ರೀ” ಅಂದೆ. ಬೇಡವೆನ್ನಲು ಹೇಳಿಕೊಳ್ಳುವಂಥ ಕಾರಣ ನನ್ನಲ್ಲಿರಲಿಲ್ಲ.

ಅವಳದು ಲಿನಕ್ಸ್ ಲ್ಯಾಪ್‌ಟಾಪ್. ಮೊದಲು ವಿಂಡೋಸಿನಲ್ಲೇ ಇರುವ ದೂರಸಂಪರ್ಕದ ವ್ಯವಸ್ಥೆಯನ್ನು ಚಾಲೂ ಮಾಡಿಸಿದಳು. ಇದನ್ನು ಒತ್ತಿ, ಅದನ್ನು ಬಿಡಿ ಎಂದು ಫೋನಿನಲ್ಲೇ ಹೇಳುತ್ತಾ ಹೋದಳು, ನಾನು ಒತ್ತುತ್ತಾ ಹೋದೆ. ಅವಳು ಒಳಗೆ ಬಂದ ಕೂಡಲೇ ನನ್ನ ಪರದೆ ಬೀಗ ಹಾಕಿಕೊಂಡಿತು. ಪುಟ ಹೋಗಿ, ಪಾಸ್‌ವರ್ಡ್ ಕೇಳುವ ಖಾಲಿ ಚಿತ್ರ ಬಂತು. ಆ ವ್ಯವಸ್ಥೆಯಲ್ಲಿ ಒಂದು ಸಲಕ್ಕೆ ಒಬ್ಬರಿಗೇ ಜಾಗವಂತೆ. ಅತ್ತ ಅವಳು “ಬಂತು ಬಂತು, ಕಾಣ್ತಾ ಇದೆ ಮಾವಾ!” ಎಂದು ಸಂಭ್ರಮಪಡುವುದು ಫೋನಿನಲ್ಲಿ ಕೇಳುತ್ತಿತ್ತು. ಇತ್ತ ನಾನು ನನ್ನದೇ ಯಂತ್ರದ ಮುಂದೆ, ಒಳಗೆ ಬಿಡದ ಅತಿಥಿಯ ಹಾಗೆ ಕೂತಿದ್ದೆ. ಪಾಸ್‌ವರ್ಡ್ ಒತ್ತಿ ಒಳಗೆ ಹೋದೆ. ಅವಳು ಹೊರಗೆ ಬಿದ್ದಳು. “ಅಯ್ಯೋ, ಕಟ್ಟಾತು” ಎಂದಳು. ಪಾಪ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ.

ಆಮೇಲೆ ಪರದೆ ಹಂಚುವ ಬೇರೊಂದು ತಂತ್ರಾಂಶ ಹಾಕಿಸಿದಳು. ಅದರಲ್ಲಿ ಇಬ್ಬರಿಗೂ ಒಂದೇ ಪರದೆ, ಒಂದೇ ಬಾಣ, ಮೌಸು ಮಾತ್ರ ಇಬ್ಬರ ಕೈಯಲ್ಲೂ. ಇಬ್ಬರೂ ಒಟ್ಟಿಗೆ ಎಳೆದರೆ ಬಾಣ ನಡುಗುತ್ತದೆ.

“ಪಾಸ್‌ವರ್ಡ್ ಒಂದು ಕೊಡಿ ಅಕ್ಕಾ, ಎಂಟೇ ಅಕ್ಷರ ತಗೊಳ್ತದೆ ಇದು. ನಿಮಗೆ ಮರೀಬಾರದು, ಅಂಥದ್ದು.”

ಮರೆಯದಿರುವಂಥದ್ದು ನನ್ನ ಬೆರಳ ತುದಿಯಲ್ಲಿ ಒಂದೇ ಇತ್ತು. ಇಂಗ್ಲಿಷಿನಲ್ಲಿ ಬರೆದರೆ ಸರಿಯಾಗಿ ಎಂಟು ಅಕ್ಷರ. ಒಂದೊಂದೇ ಅಕ್ಷರ ಬಿಡಿಸಿ ಅವಳಿಗೆ ಹೇಳಿದೆ: ಸ್ಯಾಟರ್ಡೇ, ಅಂದರೆ ನನ್ನ ಶನಿವಾರ. ಹೇಳಿ ಮುಗಿಸಿದ ಮೇಲೆ, ಅದನ್ನೂ ಕೈಯಾರೆ ಕೊಟ್ಟೆನಲ್ಲ ಎಂದು ಸಿಟ್ಟು ಬಂತು.

ಶನಿವಾರ ಹನ್ನೊಂದಕ್ಕೆ ನನ್ನ ಪರದೆಯ ಬಾಣ ತಾನಾಗಿಯೇ ಅಲುಗಿತು. ನಾನು ಮೌಸು ಮುಟ್ಟಿರಲಿಲ್ಲ. ಅದು ಪದಕೋಶದ ಕೊನೆಯ ಪುಟಕ್ಕೆ ಹೋಗಿ, ಹೊಸ ಸಾಲು ತೆಗೆದು ನಿಂತಿತು. ನನ್ನ ಫೋನು ಸ್ಪೀಕರಿನಲ್ಲಿತ್ತು. “ಹಂಗಾಮು” ಎಂದರು ಮೇಷ್ಟ್ರು. ನನಗೂ ತಿಳಿಯಿತು, ಅಷ್ಟು ಚೆನ್ನಾಗಿ ಹೇಳಿದರು. ಪರದೆಯ ಮೇಲೆ ಬಿದ್ದದ್ದು ಮಾತ್ರ ಎರಡು ಚೌಕ, ಒಂದು ಪ್ರಶ್ನೆಚಿಹ್ನೆ, ತಲೆಕಟ್ಟಿಲ್ಲದ ಯಾವುದೋ ಅರ್ಧ ಅಕ್ಷರ, ಒಂಟಿ ದೀರ್ಘ.

ಕಾರಣ ನನಗೆ ಆ ಗಳಿಗೆಯಲ್ಲೇ ಗೊತ್ತಾಯಿತು. ಹಿಂದೊಮ್ಮೆ ಪ್ರಿಂಟರಿನವನು ಹೀಗೇ ದೂರದಿಂದ ಒಳಹೊಕ್ಕು ರಿಪೇರಿ ಮಾಡಿದಾಗಲೂ ಇದೇ ಕಲಸುಮೇಲೋಗರ ಬಂದಿತ್ತು. “ಎರಡೂ ಕಡೆ ಕನ್ನಡ ಹಾಕ್ಕಂಡ್ರೆ ಹಿಂಗೇ ಮೇಡಂ. ನಮ್ಮ ಕೀಬೋರ್ಡು ಇಂಗ್ಲಿಷಲ್ಲಿರ್ಬೇಕು, ಕನ್ನಡ ನಿಮ್ಮ ಕಡೆ ಮಾತ್ರ” ಎಂದಿದ್ದ. ಸೊಸೆ ತನ್ನ ಲ್ಯಾಪ್‌ಟಾಪಿನಲ್ಲಿ ಕನ್ನಡ ಹಾಕಿಕೊಂಡೇ ಹೊಡೆಯುತ್ತಿದ್ದಳು. ನನ್ನ ಯಂತ್ರ ಅದರ ಮೇಲೆ ಇನ್ನೊಮ್ಮೆ ಕನ್ನಡ ಮಾಡುತ್ತಿತ್ತು. ಹೇಳಲು ಒಂದು ವಾಕ್ಯ ಸಾಕು.

“ಯಾಕಕ್ಕಾ ಹಿಂಗೆ?” ಎಂದು ಕೇಳಿದಳು.

“ಫಾಂಟ್ ಇರ್ಬೇಕು ನೋಡ್ರೀ” ಅಂದೆ.

ಅಷ್ಟು ಸಲೀಸಾಗಿ ಸುಳ್ಳು ಬಂದದ್ದಕ್ಕೆ ನನಗೇ ಆಶ್ಚರ್ಯ. ಕೆಲಸ ಕೆಟ್ಟರೆ ಮೇಷ್ಟ್ರಿಗೆ ನಾನೇ ಬೇಕಾಗುತ್ತೇನೆ, ‘ಅವಳನ್ನೇ ಕರೀ’ ಎನ್ನುತ್ತಾರೆ, ಶನಿವಾರ ಹೊಸಬಾಳೆಗೆ ನಾನೇ ಹೋಗಿ ಕೂತು ಬರೆದುಕೊಂಡು ಬರಬಹುದು ಎಂದೆಲ್ಲ ಲೆಕ್ಕ ಹಾಕಿದ್ದೆ. ಪಾಪದ ಹುಡುಗಿ ವಾರವೆಲ್ಲ ಫಾಂಟುಗಳ ಹಿಂದೆ ಬಿದ್ದಳು. ಮುಂದಿನ ಶನಿವಾರವೂ ಅದೇ ಚೌಕ, ಅದೇ ಪ್ರಶ್ನೆಚಿಹ್ನೆ. “ಹಳೇ ಸಿಸ್ಟಮ್ಮು, ಹೊಂದಂಗಿಲ್ಲ ಅನ್ಸುತ್ತೆ” ಎಂದೆ. ಅವಳು ಏನನ್ನೂ ಸಂಶಯಪಡದೆ “ನಾನು ಇನ್ನೊಂಚೂರು ನೋಡ್ತೀನಿ ಅಕ್ಕಾ” ಎಂದಳು. ಅವತ್ತು ಫೋನು ಇಡುವ ಮುಂಚೆ ಅತ್ತ ಮೇಷ್ಟ್ರ ದನಿ ಕೇಳಿತು: “ಬಿಡು ಮಾರಾಯ್ತಿ, ಊಟ ಮಾಡು ಹೋಗು.”

ಮಾರಾಯ್ತಿ! ಒಂಬತ್ತು ವರ್ಷ ಆ ಮಾತು ನನಗೆ ಮಾತ್ರ ಅಂದುಕೊಂಡಿದ್ದೆ. ಸೊರಬದ ಕಡೆ ಯಾರು ಯಾರಿಗೆ ಬೇಕಾದರೂ ಅನ್ನುವ ಮಾತದು, ತಿಳಿಯದ್ದೇನಲ್ಲ. ಆದರೂ ಮಧ್ಯಾಹ್ನ ಊಟ ಸೇರಲಿಲ್ಲ. ಇನ್ನು ನಾನಂತೂ ಬಾಯಿ ಬಿಡುವುದಿಲ್ಲ ಎಂದು ತೀರ್ಮಾನಿಸಿದೆ.

ಮೂರನೇ ಶನಿವಾರ ಮೇಷ್ಟ್ರು ಕೆಮ್ಮಿ ಗಂಟಲು ಸರಿಮಾಡಿಕೊಂಡರು. ಆಮೇಲೆ ಶುರುಮಾಡಿದರು. “ಹಂ... ಗಾ... ಮು.” ಒಂದೊಂದೇ ಅಕ್ಷರ, ಒಂದನೇ ಕ್ಲಾಸಿನ ಮಕ್ಕಳಿಗೆ ಹೇಳಿಕೊಡುವ ಹಾಗೆ. ಪರದೆಯ ಮೇಲೆ ಚೌಕ ಬಿತ್ತು. “ಹಂ-ಗಾ-ಮು” ಎಂದರು ಮತ್ತೆ, ಇನ್ನೂ ಜೋರಾಗಿ. ಪ್ರಶ್ನೆಚಿಹ್ನೆ ಬಿತ್ತು. ಮೂರನೇ ಸಲ ಹೇಳುವಾಗ ದನಿ ಒಡೆಯಿತು.

“ನನ್ ಬಾಯಿಂದ ಬರ್ತಿರೋದೇ ಹಿಂಗಾ?” ಎಂದು ಕೇಳಿದರು.

“ಅಲ್ಲ ಮಾವಾ, ನಂದೇ ಏನೋ ತಪ್ಪು” ಎಂದಳು ಸೊಸೆ.

“ನಂಗೆ ಕಣ್ಣು ಕಾಣ್ತದೆ. ಹೇಳಿದ್ದೇ ಅಲ್ಲಿ ಬೀಳೋದು. ನಾಲಿಗಿ ಹೋತು. ನೀವು ಬೇಜಾರಾಗ್ತದೆ ಅಂತ ಹೇಳ್ತಾ ಇಲ್ಲ. ‘ಸ’ದ ಮಟ ಇರ್ಲಿ ಪುಸ್ತಕ, ಸಾಕು. ಅದನ್ನ ಮುಚ್ಚು.”

ಪರದೆ ಎಂದರೇನು, ಕೀಬೋರ್ಡ್ ಎಂದರೇನು ಅವರಿಗೆ ಗೊತ್ತಿಲ್ಲ. ತಾವು ಹೇಳುವುದು, ಅದು ಅಕ್ಷರವಾಗಿ ಬೀಳುವುದು, ಇಷ್ಟನ್ನೇ ನನ್ನ ಪಕ್ಕ ಕೂತು ನೋಡಿದವರು. ಬಿದ್ದದ್ದು ಹಾಳುಮೂಳಾದರೆ ಹೇಳಿದ್ದೂ ಹಾಳುಮೂಳೇ. ಅವರ ನಾಲಿಗೆ ಹೋಗಿರಲಿಲ್ಲ. ಹೋಯಿತೆಂದು ಮೂರು ಶನಿವಾರಗಳಿಂದ ಅವರಿಗೆ ತೋರಿಸುತ್ತಿದ್ದವಳು ನಾನು.

ಬಾಣ ಕಡತವನ್ನು ಮುಚ್ಚಲು ಮೇಲಿನ ಮೂಲೆಗೆ ಹೋಗುತ್ತಿತ್ತು. ಮೌಸು ಹಿಡಿದು ಎಳೆದೆ. ಬಾಣ ನಡುಗಿತು.

“ತಡೀರಿ” ಅಂದೆ. “ನಿಮ್ಮ ಕಡೆ ಕನ್ನಡ ತೆಗೀರಿ. ಕೀಬೋರ್ಡು ಇಂಗ್ಲಿಷಿಗೆ ಹಾಕ್ರಿ. ಎರಡೂ ಕಡೆ ಕನ್ನಡ ಐತಿ, ಅದಕ್ಕೇ ಹಿಂಗ್ ಬರ್ತೈತಿ.”

ಅತ್ತ ಕೀಲಿ ಒತ್ತುವ ಸದ್ದು ಕೇಳಿತು. ಆಮೇಲೆ ಪರದೆಯ ಮೇಲೆ ಹಂ ಬಿತ್ತು, ಗಾ ಬಿತ್ತು, ಮು ಬಿತ್ತು.

ಮೇಷ್ಟ್ರು ಅದನ್ನು ಜೋರಾಗಿ ಓದಿದರು. ಇನ್ನೊಮ್ಮೆ ಓದಿದರು. ಅವರು ನಕ್ಕರೋ ಅತ್ತರೋ ಫೋನಿನಲ್ಲಿ ಗೊತ್ತಾಗಲಿಲ್ಲ. “ಗೆದ್ದೆ ಮಾರಾಯ್ತಿ, ಗೆದ್ದೆ ನೀನು! ನಾಲಿಗಿ ಸರಿ ಐತಂತೆ ನಂದು!” ಎಂದರು. ಅದನ್ನು ಹೇಳಿದ್ದು ಅವಳಿಗೆ. ಫೋನಿನಲ್ಲಿ ನನ್ನ ಮಾತು ಕೇಳಿದ್ದು ಅವಳ ಕಿವಿಗೆ ಮಾತ್ರ, ಅವರ ಪಕ್ಕದಲ್ಲಿದ್ದದ್ದು ಅವಳು, ಕಣ್ಣೆದುರು ಸರಿಮಾಡಿದ್ದು ಅವಳ ಬೆರಳು. ನಾನೇ ಕಣ್ರೀ ಹೇಳಿದ್ದು ಎಂದು ಕೂಗಬೇಕೆನ್ನಿಸಿತು. ಕೂಗಿದರೆ, ಯಾವಾಗಿಂದ ಗೊತ್ತಿತ್ತು ಎಂಬ ಪ್ರಶ್ನೆ ಬರುತ್ತದೆ.

ಆ ಪ್ರಶ್ನೆ ಬಂದೇ ಬಂತು. “ಅಕ್ಕಾ, ಇದು ನಿಮಗೆ...” ಎಂದು ಅವಳು ಮೆಲ್ಲಗೆ ಶುರುಮಾಡಿದಳು.

“ಈಗ ಹೊಳೀತು ರೀ” ಎಂದೆ.

“ಹೌದಾ” ಎಂದಳು. ಅವಳಿಗೆ ಏನು ಗೊತ್ತಾಯಿತು, ಏನು ಗೊತ್ತಾಗಲಿಲ್ಲ, ಇವತ್ತಿಗೂ ನನಗೆ ತಿಳಿಯದು.

ಆಮೇಲೆ ಎಲ್ಲ ಸರಾಗ. ಹದ್ದುಬಸ್ತು ಬಂತು, ಹಸನು ಬಂತು, ಹಿಡುವಳಿ, ಹಿಸ್ಸೆ, ಹುರುಳಿ ಬಂದವು. ಶನಿವಾರಗಳಲ್ಲಿ ನಾನು ಕೈ ಕಟ್ಟಿ ಕೂತು ನನ್ನ ಪರದೆಯ ಮೇಲೆ ಇನ್ನೊಬ್ಬಳ ಕೆಲಸ ನೋಡುತ್ತಿದ್ದೆ. ನನಗಿಂತ ಚುರುಕು ಅವಳ ಕೈ, ಒತ್ತಕ್ಷರ ಒಂದೂ ತಪ್ಪುತ್ತಿರಲಿಲ್ಲ. ತಪ್ಪಲಿ ಎಂದು ಕಾಯುತ್ತಿದ್ದೆ. ಒಂದು ಶನಿವಾರ ‘ಹೊಟ್ಟ’ ಎಂದು ಬಿದ್ದು ಸಾಲು ನಿಂತುಬಿಟ್ಟಿತು. ಮುಂದೆ ಏನು ಬರುತ್ತದೋ ಎಂದು ಪರದೆಯತ್ತ ಬಗ್ಗಿದೆ. ಬೇಸಾಯದ ಕೋಶದಲ್ಲಿ ಹೊಟ್ಟೆಕಿಚ್ಚಿಗೇನು ಕೆಲಸ? ಒಂದು ಕೊಂಬು ಸೇರಿ ಅದು ‘ಹೊಟ್ಟು’ ಆಯಿತು. ಒಬ್ಬಳೇ ಕೂತು ನಕ್ಕೆ. ನಗು ಬೇಗ ನಿಂತಿತು.

‘ಹ’ದ ಕೊನೆಯ ಮಾತನ್ನೂ ಅವಳೇ ಹೊಡೆದಳು.

ಉಳಿದದ್ದು ಮುನ್ನುಡಿ. ಅದನ್ನೂ ಮೇಷ್ಟ್ರು ಹೇಳಿ ಬರೆಸಿದರು. ಕೊನೆಯ ಸಾಲು ಹೀಗಿತ್ತು: ‘ನಾಲಿಗೆ ಹೋಯಿತೆಂದು ನಾನು ಹೆದರಿದ್ದಾಗ ಅದನ್ನು ನನಗೆ ಮರಳಿ ಕೊಟ್ಟ ನನ್ನ ಸೊಸೆಗೆ ಈ ಪುಸ್ತಕ.’ ಸಾಲು ಮುಗಿಸಿ ಅವರು ಊಟಕ್ಕೆ ಎದ್ದದ್ದು, ಕೋಲಿನ ಸದ್ದು ಒಳಗೆ ಹೋದದ್ದು ಫೋನಿನಲ್ಲಿ ಕೇಳಿತು. ನಾನು ಆ ಸಾಲನ್ನೇ ನೋಡುತ್ತಾ ಕೂತೆ. ಒಂಬತ್ತು ವರ್ಷದ ಶನಿವಾರಗಳಿಗೆ ಒಂದು ಅಕ್ಷರವಿಲ್ಲ ಎಂದು ಕಣ್ಣಲ್ಲಿ ನೀರೇ ಬಂತು.

ಆಗ ಬಾಣ ಅಲುಗಿತು. ‘ನನ್ನ ಸೊಸೆಗೆ’ ಎಂಬಲ್ಲಿಗೆ ಹೋಗಿ ಅದನ್ನು ಅಳಿಸಿತು. ಆ ಜಾಗದಲ್ಲಿ ಒಂದೊಂದೇ ಅಕ್ಷರ ಮೂಡಿತು: ‘ಶಿಕಾರಿಪುರದಲ್ಲಿ ಅಕ್ಷರ ಜೋಡಿಸಿದ ಮಾರಾಯ್ತಿಗೆ.’

“ಹೇಳಿದ್ದು ನೀವಲ್ವ ಅಕ್ಕಾ. ಮಾವಂಗೆ ನಾನು ತಿಳಿಸಿ ಹೇಳ್ತೀನಿ. ಹಿಂಗೆ ಸರಿ ಅಲ್ವ?” ಎಂದಳು.

ಅಳಿಸಲು ನನಗೂ ಒಂದು ಕೀಲಿ ಸಾಕಿತ್ತು. ಮೌಸು ನನ್ನ ಕೈಯಲ್ಲೂ ಇತ್ತು. ಮೂರು ಶನಿವಾರ ಬಚ್ಚಿಟ್ಟವಳು ನಾನು ಎಂದು ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದು ಬರುತ್ತಿರಲಿಲ್ಲ. ಒಳ್ಳೆಯತನದಲ್ಲೂ ಇವಳೇ ಮುಂದೆ ಹೋದಳಲ್ಲ ಎಂದು ಆ ಕ್ಷಣದಲ್ಲೂ ಹೊಟ್ಟೆ ಉರಿಯುತ್ತಿತ್ತು.

“ಸರಿ ಐತ್ರೀ” ಎಂದೆ.

ಪುಸ್ತಕ ಅಚ್ಚಾಗಿದೆ. ನನ್ನ ಅಂಗಡಿಯಲ್ಲಿ, ನೀಲಿ ಕುರ್ಚಿಯ ಮೇಲೆ ಹತ್ತಿಪ್ಪತ್ತು ಪ್ರತಿ ಇಟ್ಟಿದ್ದೇನೆ. ಬಂದವರು ತೆಗೆದು ನೋಡುತ್ತಾರೆ, ಮುನ್ನುಡಿ ಓದುತ್ತಾರೆ, ಕೊನೆಯ ಸಾಲಿಗೆ ಬಂದು ತಲೆಯೆತ್ತಿ “ಇದು ನೀವೇ ಅಲ್ಲೇನ್ರೀ?” ಎಂದು ಕೇಳುತ್ತಾರೆ.

ಹೌದು ಅನ್ನುತ್ತೇನೆ.